ಕೊಕ್ಕಿಸಾಂ ಅಚ್ಚಿನ ಜೊತೆಗೆ ಕೈಪಾಠವೂ ಮುಂದಿನವರಿಗೆ ಸಿಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಕ್ರಿಸ್ಮಸ್ ತಿಂಡಿಗಳ ಪುಟವನ್ನು ಓದಿದೆ. ಕರಾವಳಿಯ ಕ್ರೈಸ್ತ ಮನೆಗಳ ಕುಸ್ವಾರಿಗೆ ಅಷ್ಟು ಜಾಗ ಕೊಟ್ಟದ್ದಕ್ಕೆ ಮೊದಲು ಕೃತಜ್ಞತೆ ಸಲ್ಲಿಸುತ್ತೇನೆ. ಆದರೆ ಅದೇ ಪುಟದಲ್ಲಿ ಕೊಕ್ಕಿಸಾಂ ಎಂಬ ಹೂವಿನಾಕಾರದ ಕರಿದ ತಿಂಡಿಯನ್ನು ಮಾಡುವ ಕ್ರಮವನ್ನು ನಾಲ್ಕೇ ಸಾಲಿನಲ್ಲಿ ಮುಗಿಸಲಾಗಿದೆ. ಹಿಟ್ಟು, ಮೊಟ್ಟೆ, ಸಕ್ಕರೆ, ತೆಂಗಿನಹಾಲು ಕಲಸಿ, ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ, ಕಾದ ಎಣ್ಣೆಯಲ್ಲಿ ಕರಿದು ತೆಗೆಯಿರಿ ಎಂದು ಬರೆದರೆ ಅದರಲ್ಲಿ ಸುಳ್ಳೇನೂ ಇಲ್ಲ. ಆದರೂ ಅಷ್ಟನ್ನೇ ನಂಬಿ ಮೊದಲ ಬಾರಿಗೆ ಒಲೆಯ ಮುಂದೆ ನಿಂತವರಿಗೆ ಒಂದೋ ಹಿಟ್ಟು ಅಚ್ಚನ್ನು ಹಿಡಿಯದೆ ಜಾರಿರುತ್ತದೆ, ಇಲ್ಲವೇ ಹಿಡಿದದ್ದು ಬಿಡದೆ ಅಲ್ಲೇ ಕರಕಲಾಗಿರುತ್ತದೆ. ಹಾಗೆ ಒಂದು ಸಂಜೆ ಕೈಸೋತವರು ಅಚ್ಚನ್ನು ಅಟ್ಟಕ್ಕೆ ಹಾಕಿ ಮರುವರ್ಷದಿಂದ ಪ್ಯಾಕೆಟ್ ತರುವುದನ್ನು ನಾನು ನಮ್ಮ ನೆಂಟರಿಷ್ಟರಲ್ಲೇ ನೋಡಿದ್ದೇನೆ. ಆದ್ದರಿಂದಲೇ ಈ ಪತ್ರ ಸ್ವಲ್ಪ ದೀರ್ಘವಾಗಿದೆ, ಕ್ಷಮಿಸಬೇಕು.

ಕುಸ್ವಾರ್ ಎಂದರೆ ಒಂದು ತಿಂಡಿಯ ಹೆಸರಲ್ಲ, ಕ್ರಿಸ್ಮಸ್ಸಿಗೆಂದು ಮಾಡುವ ತಿಂಡಿಗಳೆಲ್ಲ ಸೇರಿದ ತಟ್ಟೆಯ ಹೆಸರು. ಅರ್ಧಚಂದ್ರದ ನೆವ್ರಿ, ಫೋರ್ಕಿನ ಬೆನ್ನ ಮೇಲೆಯೋ ಹೊಸ ಬಾಚಣಿಗೆಯ ಮೇಲೆಯೋ ಒತ್ತಿ ಸುರುಳಿ ಮಾಡುವ ಕಿಡಿಯೊ, ಗೋಲಿಯಂಥ ಗುಳಿಯೊ, ವಜ್ರಾಕೃತಿಯಲ್ಲಿ ಕತ್ತರಿಸುವ ತುಕ್ಡಿ, ಇವುಗಳ ನಡುವೆ ಹೂವಿನಂತೆ ಅರಳಿ ಕೂರುವುದು ಕೊಕ್ಕಿಸಾಂ. ಇಂಗ್ಲಿಷ್ ಬಲ್ಲವರು ರೋಸ್ ಕುಕ್ಕೀಸ್ ಎನ್ನುತ್ತಾರೆ. ಉಳಿದ ತಿಂಡಿಗಳನ್ನು ಮಕ್ಕಳು ಮರಿಗಳೆಲ್ಲ ಸುತ್ತ ಕುಳಿತು ಕೈಯಲ್ಲೇ ಮಾಡಬಹುದು, ಒಂದು ಸೊಟ್ಟಗಾದರೂ ತಟ್ಟೆಯಲ್ಲಿ ಹೊಂದಿಕೊಳ್ಳುತ್ತದೆ. ಕೊಕ್ಕಿಸಾಂ ಮಾತ್ರ ಹಾಗಲ್ಲ. ಅದಕ್ಕೆ ಉದ್ದ ಹಿಡಿಯ ಅಚ್ಚು ಬೇಕು, ಆ ಅಚ್ಚು ಪಳಗಿರಬೇಕು, ಹಿಡಿದ ಕೈಯೂ ಪಳಗಿರಬೇಕು. ಮನೆಯಿಂದ ಮನೆಗೆ, ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ದಾಟುತ್ತ ಬಂದದ್ದು ಈ ಮೂರೂ ಸೇರಿದ ವಿದ್ಯೆ. ಅಳತೆಯ ಚೀಟಿ ಅದರಲ್ಲಿ ತೀರ ಸಣ್ಣ ಭಾಗ.

ಇದು ನಮ್ಮ ಒಬ್ಬರದೇ ತಿಂಡಿ ಎಂದು ನಾನು ಹೇಳಲಾರೆ. ಕೇರಳದಲ್ಲಿ ಇದೇ ಅಚ್ಚಪ್ಪಂ, ತಮಿಳುನಾಡಿನಲ್ಲಿ ಅಚ್ಚು ಮುರುಕ್ಕು, ತೆಲುಗರಲ್ಲಿ ಗುಲಾಬಿ ಪುವ್ವುಲು. ಶ್ರೀಲಂಕಾದಲ್ಲಿ ಸಿಂಹಳೀಯರು ಏಪ್ರಿಲ್ ತಿಂಗಳ ಹೊಸವರ್ಷಕ್ಕೆ ಮಾಡುವ ಕೊಕಿಸ್ ಕೂಡ ಇದೇ, ಆ ಹೆಸರು ಡಚ್ಚರ ಭಾಷೆಯ ಬಿಸ್ಕತ್ತಿನ ಪದದಿಂದ ಬಂದದ್ದೆಂದು ಅಲ್ಲಿನವರು ಹೇಳುತ್ತಾರೆ. ಇಂಗ್ಲಿಷಿನ ಕುಕ್ಕಿ ಎಂಬ ಪದದ ಮೂಲವೂ ಅದೇ. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1663ರಲ್ಲಿ ಕೊಚ್ಚಿಯನ್ನೂ ಪೋರ್ಚುಗೀಸರಿಂದ ಕಸಿದುಕೊಂಡವರು. ನಮ್ಮ ಕೊಕ್ಕಿಸಾಂ ಎಂಬ ಹೆಸರು ಆ ಕೊಕಿಸ್‌ಗೆ ಒಡಹುಟ್ಟಿನಂತೆ ಕೇಳಿಸುವುದನ್ನು ಯಾರು ಬೇಕಾದರೂ ಗಮನಿಸಬಹುದು. ದೂರದ ಸ್ವೀಡನ್, ನಾರ್ವೆಗಳಲ್ಲಿಯೂ ಕ್ರಿಸ್ಮಸ್ಸಿಗೆ ಇಂಥದೇ ಉದ್ದ ಹಿಡಿಯ ಕಬ್ಬಿಣದ ಅಚ್ಚಿನಿಂದ ಹೂವಿನ ತಿಂಡಿ ಕರಿಯುತ್ತಾರೆ, ಅವರದು ಮೈದಾ ಮತ್ತು ಹಸುವಿನ ಹಾಲು. ಅಚ್ಚು ಎಲ್ಲಿಂದಲೇ ಬಂದಿರಲಿ, ಅದಕ್ಕೆ ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿಯನ್ನೂ ತೆಂಗಿನಕಾಯಿಯ ಹಾಲನ್ನೂ ಕೊಟ್ಟು ನಮ್ಮದನ್ನಾಗಿ ಮಾಡಿಕೊಂಡವರು ಈ ಕರಾವಳಿಯ ಹೆಂಗಸರು.

ನಮ್ಮ ಮನೆಯ ಅಚ್ಚು ಎಂಟು ಎಸಳಿನ ಎರಕದ ಕಬ್ಬಿಣದ್ದು. ನನ್ನ ಅತ್ತೆಗೆ ಅವರ ಅತ್ತೆಯಿಂದ ಬಂದದ್ದು, ಅದಕ್ಕೂ ಹಿಂದಿನ ಲೆಕ್ಕ ನಮ್ಮಲ್ಲಿ ಯಾರಿಗೂ ತಿಳಿಯದು. ನಾನು ಮದುವೆಯಾಗಿ ಬಂದ ವರ್ಷ ಡಿಸೆಂಬರಿನಲ್ಲಿ ಅತ್ತೆ ನನಗೆ ಹಿಟ್ಟು ಕಲಸಲು ಬಿಟ್ಟರು, ಎಣ್ಣೆ ಕಾಯಿಸಲು ಬಿಟ್ಟರು, ಅಚ್ಚನ್ನು ಮಾತ್ರ ಕೊಡಲಿಲ್ಲ. ಪಕ್ಕದಲ್ಲಿ ಕುಳಿತು ನೋಡು ಎಂದರು. ಎರಡನೆಯ ವರ್ಷವೂ ನೋಡಿದೆ. ಮೂರನೆಯ ವರ್ಷ ಕೈಗೆ ಕೊಟ್ಟು, ತಾವು ಹಿಂದೆ ನಿಂತು, ನನ್ನ ಮಣಿಕಟ್ಟನ್ನು ಹಿಡಿದು ಅದ್ದಿಸಿದರು. ಆಗ ನನಗೆ ಅದು ಅತಿಯೆನಿಸಿತ್ತು, ಬೇಸರವೂ ಆಗಿತ್ತು. ಅವರು ತೀರಿಹೋದ ವರ್ಷ ನಡೆದದ್ದನ್ನು ಹೇಳಿದರೆ ಅವರು ಯಾಕೆ ಹಾಗೆ ಮಾಡಿದರೆಂಬುದು ತಮಗೂ ಓದುಗರಿಗೂ ಅರ್ಥವಾದೀತು.

ಆ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ಮನೆಯ ಪಾತ್ರೆಗಳನ್ನೆಲ್ಲ ತೊಳೆದು ಇಡುವಾಗ ಕಪ್ಪಾಗಿ ಜಿಡ್ಡಾಗಿದ್ದ ಅಚ್ಚನ್ನು ಕಂಡು, ಅತ್ತೆಯ ನೆನಪಿಗೆ ಅದು ಹೊಳೆಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ, ಸೋಪಿನ ಪುಡಿ ಹಾಕಿ ತಂತಿಯ ಬ್ರಷ್ಷಿನಿಂದ ಉಜ್ಜಿ ಬೆಳ್ಳಗೆ ಮಾಡಿದೆ. ಆ ಸಂಜೆ ಒಂದೇ ಒಂದು ಹೂವು ಅಚ್ಚಿನಿಂದ ಬಿಡಲಿಲ್ಲ. ಬಿದಿರ ಕಡ್ಡಿಯಿಂದ ಕೆದಕಿದರೆ ಚೂರಾಗಿ ಬಂತು, ಕೆಲವು ಎಸಳುಗಳಲ್ಲಿ ಉಳಿದ ಹಿಟ್ಟು ಕಪ್ಪಾಗಿ ಎಣ್ಣೆಯನ್ನೂ ಕೆಡಿಸಿತು. ಮರುದಿನವೂ ಅದೇ ಆಯಿತು. ಮೂರನೆಯ ದಿನ ನಾನು ಒಲೆಯ ಮುಂದೆ ಅತ್ತುಬಿಟ್ಟೆ. ನಮ್ಮ ವಾಳೆಯಲ್ಲೇ (ಚರ್ಚಿನ ನೆರೆಹೊರೆಯ ಗುಂಪಿನಲ್ಲೇ) ಇದ್ದ ಹಿರಿಯ ಹೆಂಗಸೊಬ್ಬರು ಬಂದು ಅಚ್ಚನ್ನು ನೋಡಿದವರೇ, ಇದರ ಚರ್ಮ ಸುಲಿದಿದ್ದೀಯಲ್ಲ ಮಗಾ ಎಂದರು. ಅವರ ಮಾತಿನಂತೆ ಅಚ್ಚನ್ನು ಮೂರು ದಿನ ಗಂಜಿನೀರಿನಲ್ಲಿ ಮುಳುಗಿಸಿಟ್ಟೆವು, ದಿನವೂ ನೀರು ಬದಲಿಸಿ. ಆಮೇಲೆ ಒರೆಸಿ, ಬಿಸಿಲಿಗಿಟ್ಟು, ಒಂದು ರಾತ್ರಿ ತೆಂಗಿನೆಣ್ಣೆಯಲ್ಲಿ ಬಿಟ್ಟು, ಮರುದಿನ ಸಣ್ಣ ಉರಿಯಲ್ಲಿ ಎಣ್ಣೆಯೊಳಗೇ ಅರ್ಧ ತಾಸು ಕಾಯಿಸಿದೆವು. ಮೊದಲ ಏಳೆಂಟು ಹೂವುಗಳು ಹಾಳಾದವು. ಅವು ಹಾಳಾಗಲೇಬೇಕು ಎಂದರು ಆ ಹಿರಿಯರು. ಒಂಬತ್ತನೆಯದೋ ಹತ್ತನೆಯದೋ ತಾನಾಗಿ ಬಿಟ್ಟು ಎಣ್ಣೆಯ ಮೇಲೆ ತೇಲಿತು.

ಕಬ್ಬಿಣದ ಕಾವಲಿಯಲ್ಲಿ ದೋಸೆ ಹುಯ್ಯುವ ಎಲ್ಲರಿಗೂ ಇದರ ಕಾರಣ ಗೊತ್ತೇ ಇದೆ. ಮತ್ತೆ ಮತ್ತೆ ಎಣ್ಣೆಯಲ್ಲಿ ಕಾದ ಕಬ್ಬಿಣದ ಮೇಲೆ ಎಣ್ಣೆಯದೇ ಒಂದು ಗಟ್ಟಿ ತೆಳುಪದರ ಕೂರುತ್ತದೆ, ಹಿಟ್ಟಿಗೂ ಲೋಹಕ್ಕೂ ನಡುವೆ ಅದೇ ಮರೆ. ಸೋಪು ಮತ್ತು ತಂತಿಯ ಉಜ್ಜುವಿಕೆ ವರ್ಷಗಟ್ಟಲೆ ಕೂಡಿದ ಆ ಪದರವನ್ನು ಕಿತ್ತು ಹಾಕುತ್ತದೆ. ಕೊಕ್ಕಿಸಾಂ ಮುಗಿದ ಮೇಲೆ ಅಚ್ಚನ್ನು ತೊಳೆಯದೆ, ಬಿಸಿ ಇರುವಾಗಲೇ ಹಳೆಯ ಹತ್ತಿಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಇಡಬೇಕು. ತೇವದ ಗಾಳಿಯ ನಮ್ಮ ಊರುಗಳಲ್ಲಿ ಮಳೆಗಾಲದ ನಡುವೆ ಒಮ್ಮೆ ತೆಗೆದು ಮತ್ತೆ ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುತ್ತದೆ. ಇಷ್ಟು ಮಾತನ್ನು ಯಾವ ಅಡುಗೆಯ ಪುಟದಲ್ಲಿಯೂ ನಾನು ಓದಲಿಲ್ಲ.

ಇನ್ನು ಹಿಟ್ಟಿನ ವಿಷಯ. ನಮ್ಮ ಮನೆಯ ಕ್ರಮ ಹೀಗಿದೆ: 4 ಕುಡ್ತೆ (ನಮ್ಮ ಕಡೆಯ ಅಳತೆಯ ಲೋಟ) ಬೆಳ್ತಿಗೆ ಅಕ್ಕಿಯನ್ನು ನಾಲ್ಕು ತಾಸು ನೆನೆಸಿ, ನೀರು ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ, ಕೈಗೆ ತಣ್ಣಗೆ ತಾಗುವಷ್ಟು ಮಾತ್ರ ತೇವ ಉಳಿದಾಗ ಪುಡಿ ಮಾಡಿ, ತೆಳು ಜರಡಿಯಲ್ಲಿ ಎರಡು ಸಲ ಜರಡಿ ಹಿಡಿಯಬೇಕು. ಎರಡು ಮೊಟ್ಟೆ, 1 ಕುಡ್ತೆ ಪುಡಿ ಸಕ್ಕರೆ, ಚಿಟಿಕೆ ಉಪ್ಪು, ಒಂದು ಚಮಚ ಎಳ್ಳು, ಸ್ವಲ್ಪ ಏಲಕ್ಕಿ ಪುಡಿ. ತೆಂಗಿನಕಾಯಿಯ ಮೊದಲ ಗಟ್ಟಿ ಹಾಲಿನಲ್ಲಿ ಇವನ್ನೆಲ್ಲ ಕಲಸಿ, ಹದಕ್ಕೆ ಬರುವಷ್ಟು ಎರಡನೆಯ ಹಾಲು ಸೇರಿಸಬೇಕು. ಆ ಹದವನ್ನು ಅತ್ತೆ ಹೇಳುತ್ತಿದ್ದದ್ದು ಹೀಗೆ: ನೀರುದೋಸೆಯ ಹಿಟ್ಟಿಗಿಂತ ಗಟ್ಟಿ, ಉದ್ದಿನ ದೋಸೆಯ ಹಿಟ್ಟಿಗಿಂತ ತೆಳು. ಈ ಎರಡು ದೋಸೆಗಳ ನಡುವಿನ ಜಾಗ ಯಾವುದೆಂದು ಕರಾವಳಿಯ ಅಡುಗೆಮನೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಲಸಿದ ಮೇಲೆ ಅರ್ಧ ತಾಸಾದರೂ ಬಿಡಬೇಕು, ಪ್ರತಿ ಸಲ ಅದ್ದುವ ಮುನ್ನ ತಳದಿಂದ ಕದಡಬೇಕು, ಏಕೆಂದರೆ ಅಕ್ಕಿಹಿಟ್ಟು ಬೇಗ ತಳ ಹಿಡಿಯುತ್ತದೆ.

ಪುರವಣಿಯಲ್ಲಿ ಮೈದಾ ಮಾತ್ರ ಹೇಳಿದ್ದೀರಿ. ಅನೇಕ ಮನೆಗಳಲ್ಲಿ ಈಗ ಹಾಗೆಯೇ ಮಾಡುತ್ತಾರೆ, ಹಿಟ್ಟು ಅಚ್ಚಿಗೆ ಸುಲಭವಾಗಿ ಹಿಡಿಯುತ್ತದೆ ಎಂಬುದೂ ನಿಜ. ಆದರೆ ಗೋಧಿಯಲ್ಲಿರುವ ಅಂಟು ಅಕ್ಕಿಯಲ್ಲಿಲ್ಲ. ಹಾಗಾಗಿ ಅಕ್ಕಿಯ ಕೊಕ್ಕಿಸಾಂ ಹಲ್ಲಿಗೆ ತಾಗಿದ ಕೂಡಲೇ ಪುಡಿಯಾಗುತ್ತದೆ, ಮೈದಾದ್ದು ಎರಡು ದಿನದಲ್ಲಿ ಜಗಿಯುವಂತಾಗುತ್ತದೆ. ಅಕ್ಕಿಯಲ್ಲಿಲ್ಲದ ಆ ಹಿಡಿತವನ್ನು ಕೊಡುವುದೇ ಮೊಟ್ಟೆ. ಸಕ್ಕರೆ ಹೆಚ್ಚಾದರೆ ಬೇಗ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ, ಅಚ್ಚಿಗೂ ಅಂಟುತ್ತದೆ. ಸಿಹಿ ಸಾಲದೆಂದು ಕೈಮೀರಿ ಹಾಕುವವರು ಇದನ್ನು ನೆನಪಿಡಬೇಕು. ಮೊಟ್ಟೆ ತಿನ್ನದ ನೆರೆಮನೆಗಳಿಗೆ ನಾವು ಕೊಕ್ಕಿಸಾಂ ಕಳುಹಿಸುವುದಿಲ್ಲ. ಅವರ ತಟ್ಟೆಗೆ ನೆವ್ರಿ, ತುಕ್ಡಿ, ಲಾಡುಗಳನ್ನು ಮೊದಲೇ ಬೇರೆ ಎಣ್ಣೆಯಲ್ಲಿ ಮಾಡಿ ಎತ್ತಿಡುತ್ತೇವೆ. ಇದನ್ನೂ ಅತ್ತೆಯೇ ಕಲಿಸಿದ್ದು.

ಈಗ ಅಚ್ಚು ಅದ್ದುವ ಕ್ಷಣಕ್ಕೆ ಬರುತ್ತೇನೆ, ಪತ್ರ ಬರೆದದ್ದೇ ಇದಕ್ಕಾಗಿ. ಎಣ್ಣೆ 170ರಿಂದ 180 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು. ಉಷ್ಣಮಾಪಕ ಇಲ್ಲದ ಮನೆಯಲ್ಲಿ ಒಂದು ಹನಿ ಹಿಟ್ಟು ಬಿಟ್ಟರೆ ತಳ ಮುಟ್ಟುವ ಮೊದಲೇ ಮೇಲೆದ್ದು ಬರಬೇಕು, ಆದರೆ ಎದ್ದ ಕೂಡಲೇ ಕೆಂಪಾಗಬಾರದು. ಅಚ್ಚು ಆ ಎಣ್ಣೆಯಲ್ಲೇ ಮುಳುಗಿ ಕುಳಿತು ಎಣ್ಣೆಯಷ್ಟೇ ಕಾಯಬೇಕು. ತೆಗೆದಾಗ ಎಣ್ಣೆ ಪೂರ್ತಿ ಸೋರಲು ಒಮ್ಮೆ ಒದರಿ, ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಇಳಿಸಬೇಕು. ಅಚ್ಚಿನ ಮೇಲಂಚನ್ನು ಹಿಟ್ಟು ದಾಟಿತೋ, ಅದು ಮೇಲೆ ಮುಚ್ಚಳದಂತೆ ಕೂಡಿಕೊಂಡು ಹೂವು ಬಿಡುವ ದಾರಿಯನ್ನೇ ಮುಚ್ಚುತ್ತದೆ. ಇಳಿಸಿದ ಕೂಡಲೇ ಸುಂಯ್ ಎಂಬ ಸಣ್ಣ ಸದ್ದು ಕೇಳಬೇಕು. ಆ ಸದ್ದು ಬಾರದಿದ್ದರೆ ಅಚ್ಚು ತಣ್ಣಗಿದೆ, ಹಿಟ್ಟು ಹಿಡಿಯುವುದಿಲ್ಲ. ಸದ್ದು ಜೋರಾಗಿ ಚಟಚಟ ಎಂದರೆ ಅಚ್ಚು ಅತಿಯಾಗಿ ಕಾದಿದೆ, ಹಿಟ್ಟು ಅಲ್ಲಲ್ಲೇ ಗಂಟುಕಟ್ಟಿ ಕಳಚಿ ಬೀಳುತ್ತದೆ. ಬಿಸಿ ಲೋಹ ತಾಗಿದ ಹಿಟ್ಟಿನ ತೆಳುಪದರದಲ್ಲಿ ಪಿಷ್ಟ ಉಬ್ಬಿ, ಮೊಟ್ಟೆ ಗಟ್ಟಿಯಾಗಿ, ಅಚ್ಚನ್ನು ಅಪ್ಪಿಕೊಳ್ಳುವುದು ಆ ಒಂದೆರಡು ಕ್ಷಣದಲ್ಲಿ. ಆಮೇಲೆ ಎಣ್ಣೆಗೆ ಇಳಿಸಿದಾಗ ಒಳಗಿನ ನೀರು ಆವಿಯಾಗಿ ಹೊರಡುತ್ತದೆ, ಹೂವು ಗಟ್ಟಿಯಾಗಿ ಅಚ್ಚಿನಿಂದ ಸಡಿಲಗೊಳ್ಳುತ್ತದೆ. ಆಗ ಮಣಿಕಟ್ಟನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ತಾನಾಗಿ ಬಿಡುತ್ತದೆ. ಅವಸರಪಟ್ಟು ಮೊದಲೇ ಆಡಿಸಿದರೆ ಎಸಳು ಹರಿಯುತ್ತದೆ, ತಡಮಾಡಿದರೆ ಅಲ್ಲೇ ಅಂಟಿ ಕೂರುತ್ತದೆ. ಬಿಟ್ಟ ಮೇಲೆ ಒಮ್ಮೆ ಮಗುಚಿ, ಎಣ್ಣೆಯ ಗುಳ್ಳೆಗಳು ಅಡಗಿ ಹೊನ್ನಿನ ಬಣ್ಣ ಬರುವಾಗ ತೆಗೆಯಬೇಕು, ಹೊರಗಿಟ್ಟ ಮೇಲೂ ಬಣ್ಣ ಇನ್ನಷ್ಟು ಏರುತ್ತದೆ. ಒಂದು ಹೂವು ತೆಗೆಯುವಷ್ಟರಲ್ಲಿ ಖಾಲಿ ಅಚ್ಚು ಮತ್ತೆ ಎಣ್ಣೆಯಲ್ಲಿ ಕಾಯುತ್ತಿರಬೇಕು.

ಅತ್ತೆ ನನ್ನ ಮಣಿಕಟ್ಟನ್ನು ಹಿಡಿದದ್ದು ಆ ಒದರುವಿಕೆಯ ಹದಕ್ಕಾಗಿ. ಅವರು ಎರಡು ವರ್ಷ ನನ್ನನ್ನು ಪಕ್ಕದಲ್ಲಿ ಕೂರಿಸಿದ್ದು ನೋಡಲಿಕ್ಕಿಂತ ಹೆಚ್ಚಾಗಿ ಆ ಸದ್ದನ್ನು ಕೇಳಲಿಕ್ಕೆ ಎಂದು ನನಗೆ ಬಹಳ ತಡವಾಗಿ ತಿಳಿಯಿತು. ಈಗಿನ ವಿಡಿಯೊಗಳಲ್ಲಿ ಕೈ ಕಾಣುತ್ತದೆ, ಆದರೆ ಹೆಚ್ಚಿನವುಗಳಲ್ಲಿ ಆ ಸದ್ದಿನ ಮೇಲೆ ಸಂಗೀತ ಹಾಕಿರುತ್ತಾರೆ.

ಅಂಗಡಿಯಲ್ಲಿ ಸಿಗುವಾಗ ಇಷ್ಟು ಪಾಡೇಕೆ ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಕುಸ್ವಾರ್ ಮಾಡಿ ಮಾರುವ ಹೆಂಗಸರ ಮೇಲೆ ನನಗೆ ಗೌರವವಿದೆ, ಅವರಲ್ಲಿ ಬಹಳಷ್ಟು ಮಂದಿ ಈ ವಿದ್ಯೆಯನ್ನು ನಮಗಿಂತ ಚೆನ್ನಾಗಿ ಉಳಿಸಿಕೊಂಡವರು. ಅವರಿಂದ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ನನ್ನ ಆತಂಕ ಎಣ್ಣೆಯನ್ನು ಕಪ್ಪಾಗುವವರೆಗೆ ಕಾಯಿಸಿ ರಾಶಿಗಟ್ಟಲೆ ಕರಿಯುವ ಕಡೆಗಳದ್ದು. ಕರಿದು ಕರಿದು ಕೆಟ್ಟ ಎಣ್ಣೆಯಲ್ಲಿ ಸೇರುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ನಮ್ಮ ದೇಶದಲ್ಲಿ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯಲಾಗದಿದ್ದರೂ ಕ್ರಮವನ್ನು ಪಾಲಿಸಬಹುದು: ಮೊಟ್ಟೆ ಸೇರದ ತಿಂಡಿಗಳ ಎಣ್ಣೆ ಬೇರೆ, ಕೊಕ್ಕಿಸಾಂಗೆ ಹೊಸ ಎಣ್ಣೆ, ಅದರಲ್ಲಿ ಬಿದ್ದ ಚೂರುಗಳನ್ನು ಆಗಾಗ ಸೋಸಿ ತೆಗೆಯುವುದು, ಉಳಿದದ್ದನ್ನು ಹೊಸವರ್ಷದವರೆಗೆ ಇಟ್ಟುಕೊಂಡು ಮತ್ತೆ ಮತ್ತೆ ಕಾಯಿಸದಿರುವುದು. ಕೊಕ್ಕಿಸಾಂ ಪೂರ್ತಿ ತಣಿದ ಮೇಲಷ್ಟೇ ಡಬ್ಬಿಗೆ ಹಾಕಬೇಕು, ಅದೂ ಎಲ್ಲಕ್ಕಿಂತ ಮೇಲೆ, ಏಕೆಂದರೆ ತುಕ್ಡಿಯ ಭಾರವನ್ನು ಅದು ತಾಳದು.

ಇನ್ನೊಂದು ಮಾತನ್ನು ಬಿಡುವಂತಿಲ್ಲ. ಕುಸ್ವಾರಿನ ಪರಂಪರೆ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುವುದು ನೂರಾರು ವರ್ಷ ಹೆಂಗಸರ ಬೆನ್ನು ನೋವಿನ ಮೇಲೆ ನಿಂತದ್ದು. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಲು ಗಂಡುಮಕ್ಕಳು, ಹೊಗೆಯ ಮುಂದೆ ಕೂರಲು ಹೆಣ್ಣುಮಕ್ಕಳು ಎಂಬ ಹಂಚಿಕೆ ನಮ್ಮ ಬಾಲ್ಯದಲ್ಲಿತ್ತು. ಹೆಣ್ಣುಮಕ್ಕಳು ಓದಿ ಕೆಲಸಕ್ಕೆ ಹೋದಾಗ ಅಚ್ಚು ಅಟ್ಟ ಸೇರಿದ್ದಕ್ಕೆ ಅವರನ್ನು ದೂರುವುದು ಅನ್ಯಾಯ. ನಾನು ನನ್ನ ಮಗನಿಗೆ ಕಲಿಸಿದೆ. ಅವನು ಮೂರು ವರ್ಷ ಕಾಯಬೇಕಾಗಲಿಲ್ಲ, ಎರಡು ಸಂಜೆಗಳಲ್ಲಿ ಕಲಿತ, ಏಕೆಂದರೆ ನಾನು ಸದ್ದಿನ ಗುಟ್ಟನ್ನು ಮೊದಲೇ ಹೇಳಿದೆ. ಅತ್ತೆಯ ಅಚ್ಚು ಈಗ ಕೊಲ್ಲಿ ದೇಶದಲ್ಲಿರುವ ಅವನ ಮನೆಯಲ್ಲಿದೆ. ನಾನು ಇಲ್ಲಿ ಹೊಸದೊಂದನ್ನು ಪಳಗಿಸುತ್ತಿದ್ದೇನೆ. ಹಗುರವಾದ ಅಲ್ಯೂಮಿನಿಯಂ ಅಚ್ಚುಗಳು ಅಗ್ಗವಾಗಿ ಸಿಗುತ್ತವೆ, ಆದರೆ ಅವು ಎಣ್ಣೆಯಿಂದ ತೆಗೆದು ಹಿಟ್ಟಿಗೆ ತರುವಷ್ಟರಲ್ಲೇ ಬಿಸಿ ಕಳೆದುಕೊಳ್ಳುತ್ತವೆ. ತೂಕವಿರುವ ಕಬ್ಬಿಣವನ್ನೋ ಹಿತ್ತಾಳೆಯನ್ನೋ ಹುಡುಕಿ ಕೊಳ್ಳುವುದು ಮೇಲು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟು. ಇಂಥ ಮನೆತನದ ತಿಂಡಿಗಳ ಬಗ್ಗೆ ಬರೆಸುವಾಗ ಅಳತೆಯ ಪಟ್ಟಿಯನ್ನು ಸಣ್ಣದಾಗಿಸಿಯಾದರೂ, ಸದ್ದು, ವಾಸನೆ, ಬಣ್ಣ, ಹಾಳಾದಾಗ ಏನು ಮಾಡಬೇಕೆಂಬುದು, ಇವುಗಳಿಗೆ ಜಾಗ ಕೊಡಿ. ಡಿಸೆಂಬರ್ ಕೊನೆಯ ವಾರದಲ್ಲಿ ಅಲ್ಲ, ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಮುಂಚೆ ಶುರುವಾಗುವ ಆಗಮನ ಕಾಲದ ಮೊದಲ ಭಾನುವಾರಕ್ಕೂ ಮೊದಲೇ ಪ್ರಕಟಿಸಿ, ಹೊಸ ಅಚ್ಚನ್ನು ಗಂಜಿನೀರಿನಲ್ಲಿ ನೆನೆಸಿ ಪಳಗಿಸಲು ಓದುಗರಿಗೆ ಸಮಯ ಸಿಗುತ್ತದೆ. ನಮ್ಮ ವಾಳೆಗಳ ಗುರಿಕಾರರೂ (ಮುಖ್ಯಸ್ಥರೂ) ಕ್ರಿಸ್ಮಸ್ ಪೂರ್ವದ ಒಂದು ಸಭೆಯನ್ನು ಅಡುಗೆಮನೆಯಲ್ಲೇ ನಡೆಸಿ, ಹಿರಿಯರ ಕೈಗೆ ಅಚ್ಚು ಕೊಟ್ಟು ಕಿರಿಯರನ್ನು ಪಕ್ಕದಲ್ಲಿ ಕೂರಿಸಬಹುದು. ಈ ಪತ್ರವನ್ನು ಪೂರ್ತಿಯಾಗಿ ಪ್ರಕಟಿಸಲು ಸ್ಥಳವಿಲ್ಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ. ಅಚ್ಚನ್ನು ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಇಳಿಸಬೇಕು ಎಂಬ ಒಂದು ವಾಕ್ಯವನ್ನು ಮಾತ್ರ ದಯವಿಟ್ಟು ಉಳಿಸಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಓದುಗರಲ್ಲಿ ಒಬ್ಬಳು,
ಮಂಗಳೂರು